ಗುಟ್ಟಿನ ಸಾಲಕ್ಕೆ ವರ್ಷಕ್ಕೆ 42 ಪರ್ಸೆಂಟ್

ಗಂಡ ಹೆಂಡತಿ ಜೊತೆಯಾಗಿ ಹೋಂ ಲೋನಿಗೆ ಅರ್ಜಿ ಹಾಕಿದರೆ ಬ್ಯಾಂಕಿನವರು ಇಬ್ಬರ ಸಿಬಿಲ್ ರಿಪೋರ್ಟನ್ನೂ, ಅಂದರೆ ಯಾರ ಹೆಸರಲ್ಲಿ ಎಷ್ಟು ಸಾಲ ಇದೆ ಅನ್ನೋ ಪಟ್ಟಿಯನ್ನು, ತೆಗೆಸುತ್ತಾರೆ. ಎಷ್ಟೋ ಮನೆಗಳಲ್ಲಿ ಕ್ರೆಡಿಟ್ ಕಾರ್ಡಿನ ಗುಟ್ಟು ಒಡೆಯುವುದು ಆ ಟೇಬಲ್ಲಿನ ಮುಂದೆಯೇ. ಆಫೀಸರು ಪಾಪ, ಏನೂ ಗೊತ್ತಿಲ್ಲದೆ, ಸ್ಕ್ರೀನ್ ನೋಡಿಕೊಂಡು "ಸರ್, ಈ ಕಾರ್ಡುಗಳ ಬ್ಯಾಲೆನ್ಸ್ ಇಷ್ಟಿದ್ರೆ ಲೋನ್ ಕಷ್ಟ ಆಗುತ್ತೆ" ಅಂದುಬಿಡುತ್ತಾರೆ. ಪಕ್ಕದಲ್ಲಿ ಕೂತ ಹೆಂಡತಿ "ಯಾವ ಕಾರ್ಡುಗಳು?" ಅಂತ ಕೇಳುತ್ತಾಳೆ.

ಹಾಗೆ ಬ್ಯಾಂಕಿನಿಂದ ನೇರವಾಗಿ ನನ್ನ ಹತ್ತಿರ ಬಂದ ಜೋಡಿಯೊಂದರ ಕತೆ ಇದು. ನಾನು ತುಮಕೂರಿನ ಎಸ್.ಎಸ್. ಪುರಂನಲ್ಲಿ ಕೂತು ಲೆಕ್ಕಪತ್ರ, ಇನ್‌ಕಂ ಟ್ಯಾಕ್ಸ್ ರಿಟರ್ನು ನೋಡುವವಳು. ಸಾಲದ ಪಂಚಾಯ್ತಿ ನನ್ನ ಕೆಲಸ ಅಲ್ಲ, ಆದರೆ ಸಂಬಳದ ಲೆಕ್ಕ ನೋಡುವವರ ಮುಂದೆ ಸಾಲದ ಲೆಕ್ಕವೂ ಬಂದೇ ಬರುತ್ತದೆ. ಗುರುತು ಸಿಗಬಾರದು ಅಂತ ಅಲ್ಲಿ ಇಲ್ಲಿ ವಿವರ ಬದಲಿಸಿದ್ದೇನೆ.

ಆತ ದಿನಾ ಬೆಳಗ್ಗೆ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ಬರುವವರು. ಸಂಬಳ 48 ಸಾವಿರ. ಆಕೆ ಇಲ್ಲೇ ಖಾಸಗಿ ಶಾಲೆಯೊಂದರಲ್ಲಿ ಟೀಚರು, 22 ಸಾವಿರ. ಕ್ಯಾತ್ಸಂದ್ರದ ಕಡೆ ಒಂದು ಸೈಟು ನೋಡಿದ್ದರು. ಬ್ಯಾಂಕಿನಿಂದ ಬಂದವರು ನನ್ನೆದುರು ಕೂತಾಗ ಆಕೆ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಒಂದೇ ಮಾತು ಹೇಳಿದರು. "ಮೇಡಂ, ನಾನು ಆಟೋಗೆ ಯಾಕೆ ದುಡ್ಡು ಹಾಕೋದು ಅಂತ ಸ್ಕೂಲಿಂದ ಬಟವಾಡಿವರೆಗೂ ನಡ್ಕೊಂಡು ಬರ್ತೀನಿ. ಇವರು ತಿಂಗಳಿಗೆ ಹದಿನೈದು ಸಾವಿರ ಬಡ್ಡಿ ಕಟ್ತಾ ಇದ್ರಂತೆ."

ಈ ಸಾಲ ಶುರುವಾದದ್ದು ಶೋಕಿಯಿಂದಲ್ಲ. ಆತನ ತಂದೆಗೆ ಹಾರ್ಟಿಗೆ ಸ್ಟೆಂಟ್ ಹಾಕಿಸಬೇಕಾಯಿತು. ಆಸ್ಪತ್ರೆಯ ಬಿಲ್ಲಿನಲ್ಲಿ 1 ಲಕ್ಷ 40 ಸಾವಿರ ಕಾರ್ಡಿನಲ್ಲಿ ಉಜ್ಜಿದರು. ಮನೆಯಲ್ಲಿ "ಆಫೀಸಿನವರು ಕೊಟ್ರು" ಅಂದರು. ಆಮೇಲೆ ಮೊದಲ ಕಾರ್ಡಿಗೆ ಕಟ್ಟೋಕೆ ಎರಡನೆಯದು. ಅದಕ್ಕೆ ಕಟ್ಟೋಕೆ, ಸ್ವೈಪ್ ಮಾಡಿಸಿಕೊಂಡು ಎರಡು ಮೂರು ಪರ್ಸೆಂಟ್ ಮುರಿದು ಕ್ಯಾಶ್ ಕೊಡುತ್ತಾರಲ್ಲ, ಅಂಥ ಅಂಗಡಿ. ಇದಕ್ಕೆ ಎಲ್ಲರೂ 'ರೊಟೇಷನ್' ಅನ್ನುತ್ತಾರೆ. ಏನೋ ವ್ಯವಹಾರ ನಡೆಯುತ್ತಿದೆ ಅನ್ನೋ ಹಾಗೆ ಕೇಳಿಸುತ್ತೆ ಅಲ್ವಾ? ನಡೆಯುತ್ತಿರುವುದು ಇಷ್ಟೇ, ಹೊಸ ಸಾಲದಿಂದ ಹಳೆ ಸಾಲದ ಬಡ್ಡಿ ಕಟ್ಟುವುದು, ಮಧ್ಯೆ ಅಂಗಡಿಯವನಿಗೊಂದು ಪಾಲು.

ಎಷ್ಟಿದೆ ಅಂತ ಕೇಳಿದೆ. "ಎರಡು ಕಾರ್ಡು, ಮೂರು ಲಕ್ಷದ ಹತ್ತಿರ" ಅಂದರು. ನಾನು ಇಂಥ ಕಡೆ ಬಾಯಿಮಾತು ನಂಬುವುದಿಲ್ಲ, ಅವರು ಕೆಟ್ಟವರು ಅಂತಲ್ಲ, ಮುಚ್ಚಿಟ್ಟು ಅಭ್ಯಾಸವಾದವರಿಗೆ ಪೂರ್ತಿ ಮೊತ್ತ ಬಾಯಿಗೆ ಬರುವುದೇ ಇಲ್ಲ, ತಮಗೆ ತಾವೇ ಕಡಿಮೆ ಹೇಳಿಕೊಂಡಿರುತ್ತಾರೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟು ಪುಕ್ಕಟೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಬ್ಯಾಂಕಿನಲ್ಲಿ ತೆಗೆಸಿದ ರಿಪೋರ್ಟು ಇವರ ಕೈಗೆ ಕೊಟ್ಟಿರಲಿಲ್ಲ. ನಾನು ಆತನ ಫೋನಿನಲ್ಲೇ, ಆಕೆ ನೋಡುತ್ತಿದ್ದ ಹಾಗೇ ತೆಗೆಸಿದೆ. ಕಾರ್ಡು ಮೂರಿದ್ದವು.

ಆತ ಸುಮ್ಮನೆ ಎದ್ದು, ಟಿಫಿನ್ ಬ್ಯಾಗಿನಿಂದ ರೈಲ್ವೆ ಸೀಸನ್ ಪಾಸಿನ ಪ್ಲಾಸ್ಟಿಕ್ ಕವರ್ ತೆಗೆದರು. ಪಾಸಿನ ಹಿಂದೆ, ಅದಕ್ಕೇ ಅಂಟಿಕೊಂಡ ಹಾಗೆ, ಮೂರನೆಯ ಕಾರ್ಡು ಇತ್ತು. ಕವರಿನಿಂದ ಬಿಡಿಸಿ ತೆಗೆಯೋಕೆ ಉಗುರು ಹಾಕಬೇಕಾಯಿತು. ಆಕೆ ಅದನ್ನು ತಿರುಗಿಸಿ ಹೆಸರು ಓದಿ, ಮೇಜಿನ ಮೇಲೆ ಇನ್ನೆರಡರ ಪಕ್ಕ ಸಾಲಾಗಿ ಇಟ್ಟರು.

1,84,000. 1,22,000. 74,000. ಒಟ್ಟು 3 ಲಕ್ಷ 80 ಸಾವಿರ.

ಮೂರಕ್ಕೂ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ, ಅಂದರೆ ವರ್ಷಕ್ಕೆ 42. ನಮ್ಮ ಜನ ಕೈಬಡ್ಡಿಯವನ ಹತ್ತಿರ "ತಿಂಗಳಿಗೆ ಮೂರು" ಅಂದರೆ ಬೆಚ್ಚಿಬೀಳುತ್ತಾರೆ, ಅದೇ ಕಾರ್ಡಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಏನೂ ಅನ್ನಿಸುವುದಿಲ್ಲ. 3,80,000ಕ್ಕೆ ತಿಂಗಳ ಬಡ್ಡಿ 13,300. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಅದು 2,394. ಎರಡೂ ಸೇರಿ 15,694. ಆತ ತಿಂಗಳು ತಿಂಗಳು ಕಟ್ಟುತ್ತಿದ್ದ ಮಿನಿಮಮ್ ಡ್ಯೂ, ಅಂದರೆ ಕಡೇಪಕ್ಷ ಇಷ್ಟು ಕಟ್ಟಲೇಬೇಕು ಅಂತ ಬಿಲ್ಲಿನಲ್ಲಿ ಬರುವ ಮೊತ್ತ, ಸುಮಾರು 5 ಪರ್ಸೆಂಟು, ಅಂದರೆ 19 ಸಾವಿರ. ಅಸಲಿಗೆ ಹೋಗಿದ್ದು ಮೂರು ಸಾವಿರ ಚಿಲ್ಲರೆ. ಹೊಸದಾಗಿ ಒಂದು ರೂಪಾಯಿಯನ್ನೂ ಉಜ್ಜದೆ ಹೀಗೇ ಬ್ಯಾಲೆನ್ಸಿನ 5 ಪರ್ಸೆಂಟ್ ಮಾತ್ರ ಕಟ್ಟುತ್ತಾ ಹೋದರೆ ಸಾಲ ಅರ್ಧಕ್ಕಿಳಿಯಲು ಆರೂವರೆ ವರ್ಷ ಬೇಕು. ಅರ್ಧಕ್ಕೆ, ಪೂರ್ತಿಗಲ್ಲ.

ಉಜ್ಜದೆ ಇರುತ್ತಿದ್ದರೇ? ಇಲ್ಲ. ಪೆಟ್ರೋಲು, ದಿನಸಿ ಎಲ್ಲಾ ಅದರಲ್ಲೇ. "45 ದಿನ ಬಡ್ಡಿ ಇಲ್ವಲ್ಲ ಮೇಡಂ" ಅಂದರು. ಇದು ತುಂಬಾ ಜನ ಮಾಡುವ ತಪ್ಪು. ಹಿಂದಿನ ಬಿಲ್ಲು ಪೂರ್ತಿ ಕಟ್ಟಿದವರಿಗೆ ಮಾತ್ರ ಆ ಬಡ್ಡಿಯಿಲ್ಲದ ದಿನಗಳು. ಬಾಕಿ ಉಳಿಸಿಕೊಂಡವರಿಗೆ ಹೊಸದಾಗಿ ಹಾಕಿಸಿದ ಪೆಟ್ರೋಲಿಗೂ ಅವತ್ತಿನಿಂದಲೇ ಬಡ್ಡಿ ಓಡುತ್ತದೆ. ಎಟಿಎಂನಲ್ಲಿ ಕ್ಯಾಶ್ ತೆಗೆದರಂತೂ ಬಾಕಿ ಇರಲಿ ಬಿಡಲಿ, ಮೊದಲ ದಿನದಿಂದ ಬಡ್ಡಿ, ಮೇಲೆ ಫೀಸು.

ಇಷ್ಟು ಬಡ್ಡಿ ಹಾಕೋದನ್ನ ತಡೆಯೋಕೆ ಕಾನೂನಿಲ್ಲವೇ ಅಂತ ಆಕೆ ಕೇಳಿದರು. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ವರ್ಷಕ್ಕೆ ಶೇ 30 ಮೀರಿದರೆ ಅನ್ಯಾಯ ಅಂದಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಹಾಗಾಗಿ ಆ ಕಡೆಯಿಂದ ಆಸರೆ ಇಲ್ಲ.

ಈಗ ನಾನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಈ ಮನೆಯಲ್ಲಿ ಕಡಿಮೆ ಬಡ್ಡಿಯ ದುಡ್ಡು ಇತ್ತು. ಪೋಸ್ಟಾಫೀಸಿನಲ್ಲಿ ಆಕೆಯ ಹೆಸರಲ್ಲಿ ತಿಂಗಳಿಗೆ 2 ಸಾವಿರದ ಆರ್‌ಡಿ ಇತ್ತು, ಆರು ಏಳು ಪರ್ಸೆಂಟು ಬಡ್ಡಿ ದುಡಿಯುತ್ತಾ ತಣ್ಣಗೆ ಕೂತಿತ್ತು. ಬೀರುವಿನಲ್ಲಿ ಒಡವೆ ಇತ್ತು. ಬ್ಯಾಂಕಿನಲ್ಲಿ ಒಡವೆ ಸಾಲ ಹತ್ತು ಪರ್ಸೆಂಟಿನ ಆಸುಪಾಸಿಗೆ ಸಿಗುತ್ತದೆ. ಆದರೆ ಇವೆರಡನ್ನೂ ಮುಟ್ಟಬೇಕಾದರೆ ಹೆಂಡತಿಗೆ ಹೇಳಬೇಕು. ಹೇಳದೆ ಸಿಗುವುದು 42 ಪರ್ಸೆಂಟಿನ ದುಡ್ಡು ಮಾತ್ರ. ಆತ ಎರಡೂವರೆ ವರ್ಷ ಕಟ್ಟಿದ ಬಡ್ಡಿಯಲ್ಲಿ ಹೆಚ್ಚಿನ ಪಾಲು ಆಸ್ಪತ್ರೆಯದ್ದಲ್ಲ, ಬಾಯಿ ಮುಚ್ಚಿಕೊಂಡಿದ್ದಕ್ಕೆ ಕಟ್ಟಿದ್ದು. ಇದನ್ನು ನಾನು ಕ್ಯಾಲ್ಕುಲೇಟರ್ ಹಿಡಿದೇ ತೋರಿಸಿದೆ. 42ರಲ್ಲಿ 10 ಕಳೆದರೆ ಉಳಿಯುವ 32, ಅದೇ ಗುಟ್ಟಿನ ಬೆಲೆ.

ಮುಚ್ಚಿಟ್ಟ ಸಾಲವನ್ನು ಮುಚ್ಚಿಟ್ಟ ದುಡ್ಡಿನಿಂದಲೇ ತೀರಿಸಬೇಕಾಗುತ್ತದೆ, ಅದು ಇನ್ನೊಂದು ಅನಾಹುತ. ಆತನಿಗೆ ಎರಡು ಸಲ ಇನ್‌ಕ್ರಿಮೆಂಟ್ ಆಗಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಆಕೆಯ ಲೆಕ್ಕದಲ್ಲಿ ಗಂಡನ ಸಂಬಳ ಇನ್ನೂ 35 ಸಾವಿರದ ಹತ್ತಿರವೇ. ನಿಜ ಹೇಳಬೇಕೆಂದರೆ ಆಕೆಗೆ ಸಾಲಕ್ಕಿಂತ ಇದೇ ಜಾಸ್ತಿ ಚುಚ್ಚಿತು. ಸಂಬಳ ಜಾಸ್ತಿಯಾದ ದಿನ ಒಂದು ಅರ್ಧ ಕೆಜಿ ಸ್ವೀಟೂ ಮನೆಗೆ ಬರಲಿಲ್ವಲ್ಲ ಅಂದರು. ಆತ ತಲೆ ಎತ್ತಲಿಲ್ಲ. ನಾನು ಫ್ಯಾನ್ ಜೋರು ಮಾಡಿ ಟೀ ತರಿಸಿದೆ, ಇನ್ನೇನು ಮಾಡಲಿ.

ದಾರಿ ಹೇಳುವ ಮೊದಲು ಆತನನ್ನು ಹೊರಗೆ ಕೂರಿಸಿ ಆಕೆಗೆ ಒಂದು ಮಾತು ಹೇಳಿದೆ. ಯಾವಾಗಲೂ ಹೇಳುತ್ತೇನೆ. "ನೋಡಮ್ಮ, ಗಂಡನ ಹೆಸರಿನ ಕಾರ್ಡಿಗೆ ಕಾನೂನಿನ ಪ್ರಕಾರ ನೀವು ಹೊಣೆ ಅಲ್ಲ. ಅವರ ಕಾರ್ಡಿನ ಮೇಲೆ ನಿಮಗೊಂದು ಆಡ್ ಆನ್ ಕಾರ್ಡು ಕೊಟ್ಟಿದ್ದರೂ ಹೊಣೆ ಅವರದ್ದೇ. ಒಡವೆ ನಿಮ್ಮದು. ನೀವು ಅಡವಿಟ್ಟರೆ ಆ ಸಾಲ ನಿಮ್ಮ ಹೆಸರಿಗೆ ಬರುತ್ತೆ. ಬೇಡ ಅನ್ನಿಸಿದರೆ ಬೇಡ ಅನ್ನಿ, ಬೇರೆ ದಾರಿ ನೋಡೋಣ." ಹೆಂಡತಿ ಅಂದಮೇಲೆ ಬಳೆ ಬಿಚ್ಚಿಕೊಡಲೇಬೇಕು ಅನ್ನೋ ಮಾತು ನನಗೆ ಆಗುವುದಿಲ್ಲ. ಗೊತ್ತಿದ್ದು ಕೊಡುವುದು ಬೇರೆ, ಮುಖ ಉಳಿಸೋಕೆ ಕೊಡುವುದು ಬೇರೆ. ಆಕೆ ಒಂದು ವಾರ ಟೈಮ್ ತಗೊಂಡರು. ಆ ವಾರ ಮನೆಯಲ್ಲಿ ಏನೇನಾಯಿತೋ ನಾನು ಕೇಳಲಿಲ್ಲ.

ವಾರದ ಮೇಲೆ ಇಬ್ಬರೂ ಬಂದರು. ಆಕೆಯದು ಒಂದೇ ಕಂಡೀಷನ್, ಒಡವೆ ಸಾಲದ ಕಂತು ಗಂಡನ ಸಂಬಳದ ಅಕೌಂಟಿನಿಂದ ತಾನಾಗೇ ಕಟ್ ಆಗಬೇಕು, ಯಾರೂ ಯಾರನ್ನೂ ಜ್ಞಾಪಿಸುವ ಹಾಗಿರಬಾರದು. ತುಂಬಾ ಬುದ್ಧಿವಂತಿಕೆಯ ಕಂಡೀಷನ್. ಜೊತೆಯಾಗಿ ಸಾಲ ತೀರಿಸುವ ಎಷ್ಟೋ ಜೋಡಿಗಳು ಕೆಡುವುದು ದುಡ್ಡಿಲ್ಲದೆ ಅಲ್ಲ, ತಿಂಗಳು ತಿಂಗಳು "ಕಟ್ಟಿದ್ರಾ?" ಅಂತ ಒಬ್ಬರು ಕೇಳಿ ಇನ್ನೊಬ್ಬರು ರೇಗಿ.

ಆರ್‌ಡಿ ಮೂರು ವರ್ಷ ದಾಟಿತ್ತು, ಹಾಗಾಗಿ ಮುರಿಸಬಹುದಿತ್ತು. ಅವಧಿಗೆ ಮುಂಚೆ ಮುರಿಸಿದರೆ ಉಳಿತಾಯ ಖಾತೆಯ ಬಡ್ಡಿ ಅಷ್ಟೇ. ಆದರೂ 76 ಸಾವಿರ ಚಿಲ್ಲರೆ ಬಂತು, 74 ಸಾವಿರದ ಕಾರ್ಡು ಅವತ್ತೇ ಖಾಲಿ. ಎರಡು ಬಳೆ, ಒಂದು ಸರ ಬ್ಯಾಂಕಿನಲ್ಲಿಟ್ಟು 1,84,000ದ ಕಾರ್ಡು ಮುಗಿಸಿದರು. ಬ್ಯಾಂಕಿನಲ್ಲೇ ಇಡಿ ಅಂದಿದ್ದೆ, ಪೇಟೆಯ ಗಿರವಿ ಅಂಗಡಿಯಲ್ಲಿ ಬೇಡ. ಉಳಿದದ್ದು 1,22,000. ಮೊದಲು ಕಟ್ಟುತ್ತಿದ್ದ 19 ಸಾವಿರ, ಆರ್‌ಡಿ ನಿಂತಿದ್ದರಿಂದ ಉಳಿದ 2 ಸಾವಿರ, ಒಟ್ಟು 21. ಅದರಲ್ಲಿ ಒಡವೆ ಸಾಲದ ಬಡ್ಡಿ ತಿಂಗಳಿಗೆ 1,500 ಚಿಲ್ಲರೆ. ಮಿಕ್ಕಿದ್ದೆಲ್ಲಾ ಆ ಒಂದು ಕಾರ್ಡಿಗೆ. ಎಂಟು ತಿಂಗಳಲ್ಲಿ ಮುಗಿಯುತ್ತೆ, ಆಮೇಲೆ ಅದೇ 21 ಸಾವಿರ ಒಡವೆಗೆ ಹೋದರೆ ಇನ್ನೊಂದು ಹತ್ತು ತಿಂಗಳು. ಗಮನಿಸಿ, ಮನೆಖರ್ಚಿಗೆ ಒಂದು ರೂಪಾಯಿ ಕತ್ತರಿ ಹಾಕಲಿಲ್ಲ. ಮಕ್ಕಳ ಟ್ಯೂಷನ್ ನಿಲ್ಲಲಿಲ್ಲ. ಮೊದಲೂ ಅಷ್ಟೇ ದುಡ್ಡು ಹೋಗುತ್ತಿತ್ತು, ಹೋಗುವ ಜಾಗ ಬದಲಾಯಿತು.

ಮಧ್ಯೆ ಒಂದು ಆಸೆ ಬಂತು. ಕಾರ್ಡಿನ ಕಡೆಯವರೆಂದು ಯಾರೋ ಫೋನ್ ಮಾಡಿ "ಅರವತ್ತು ಸಾವಿರ ಒಂದೇ ಸಲ ಕಟ್ಟಿ, ಸೆಟಲ್ ಮಾಡಿಬಿಡೋಣ" ಅಂದರಂತೆ. ಕಟ್ಟಲು ಶಕ್ತಿ ಇರುವವರು ಇದಕ್ಕೆ ಹೋಗಬೇಡಿ. ರಿಪೋರ್ಟಿನಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಅಂತ ಬೀಳುತ್ತದೆ, ಮುಂದೆ ಮನೆ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ. ನಿಜಕ್ಕೂ ಕೈಲಾಗದವರಿಗೆ ಅದೊಂದು ದಾರಿ ಹೌದು, ಆದರೆ ಬ್ಯಾಂಕಿನ ಲೆಟರ್ ಕೈಗೆ ಬರದೆ ಒಂದು ಪೈಸೆ ಕಟ್ಟಬಾರದು. ಇನ್ನು ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ, ನೆಂಟರಿಗೆ ಆಫೀಸಿಗೆ ಹೇಳಿ ಮಾನ ಕಳೆಯುವಂತಿಲ್ಲ. ಬ್ಯಾಂಕಿಗೆ ಬರೆದು ದೂರು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ವಕೀಲರು ಬೇಡ, ಫೀಸೂ ಇಲ್ಲ.

ಕಾರ್ಡು ಮುರಿದು ಕಸಕ್ಕೆ ಹಾಕಿದರೆ ಕ್ಲೋಸ್ ಆಯಿತು ಅಂದುಕೊಳ್ಳಬೇಡಿ. ಬ್ಯಾಂಕಿಗೆ ಕ್ಲೋಸ್ ಮಾಡಿ ಅಂತ ಬರೆದು ಕೊಡಬೇಕು. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಅವರು ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೇ ಕೊಡಬೇಕು. 2022ರಿಂದ ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ. ಮೂರೂ ಮುಚ್ಚಬೇಕಾ? ನಾನು ಒಂದನ್ನು ಉಳಿಸಿಕೊಳ್ಳಿ ಅಂದೆ, ಲಿಮಿಟ್ ಇಳಿಸಿ, ಬಿಲ್ಲಿನ ಈಮೇಲು ಇಬ್ಬರಿಗೂ ಬರುವ ಹಾಗೆ ಮಾಡಿ. ಆಕೆ ಒಪ್ಪಲಿಲ್ಲ. ಮೂರೂ ಮುಚ್ಚಲಿ ಅಂದರು. ಸಿಬಿಲ್ ಸ್ಕೋರಿನ ದೃಷ್ಟಿಯಿಂದ ನನ್ನ ಮಾತು ಸರಿ, ಆದರೆ ಮನೆ ಆಕೆಯದು. ಸುಮ್ಮನಾದೆ.

ಒಂದು ಕಡೆ ಮಾತ್ರ ಆಕೆಗೇ ಎದುರು ಮಾತಾಡಿದೆ. ಗಂಡನ ಎಟಿಎಂ ಕಾರ್ಡು ಇಸ್ಕೊಂಡು ದಿನಕ್ಕೆ ನೂರು ರೂಪಾಯಿ ಕೊಡುತ್ತೇನೆ ಅಂದಿದ್ದರು. ಬೇಡ ಅಂದೆ. ನೂರು ರೂಪಾಯಿ ಕೈಗೆ ಹಾಕಿಸಿಕೊಳ್ಳುವ ಗಂಡಸು ನಾಲ್ಕೇ ತಿಂಗಳಿಗೆ ಇನ್ನೊಂದು ಗುಟ್ಟು ಮಾಡುತ್ತಾನೆ, ನೋಡಿದ್ದೇನೆ. ಬದಲಿಗೆ ಇಬ್ಬರಿಗೂ ತಿಂಗಳಿಗೆ ಮೂರು ಮೂರು ಸಾವಿರ, ಲೆಕ್ಕ ಕೇಳುವಂತಿಲ್ಲ. ಆಕೆ ತಮ್ಮ ಮೂರು ಸಾವಿರದಲ್ಲಿ ಮೊದಲ ತಿಂಗಳೇ ಆಟೋ ಹತ್ತಿದರು.

ಒಂಬತ್ತನೇ ತಿಂಗಳು ಆಕೆ ಒಡವೆ ಸಾಲದ ರಸೀದಿ ತೋರಿಸೋಕೆ ನನ್ನ ಆಫೀಸಿಗೆ ಬಂದಿದ್ದರು. ಕೊನೆಯ ಕಾರ್ಡಿಗೆ ಪೂರ್ತಿ ಕಟ್ಟಿ ಎರಡು ವಾರ ಆಗಿತ್ತು. ಅಷ್ಟರಲ್ಲಿ ಫೋನು. ಹಿಂದೆ ರೈಲಿನ ಸದ್ದು. "ಕ್ಲೋಸ್ ಮಾಡೋಕೆ ಹೇಳ್ದೆ ಕಣೇ, ಆಗಲ್ವಂತೆ. ಇನ್ನೂ 212 ರೂಪಾಯಿ ತೋರಿಸ್ತಿದೆ." ಆಕೆ ಗಾಬರಿಯಾಗಿ ನನ್ನ ಮುಖ ನೋಡಿದರು. ಬಿಲ್ಲು ಬಂದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಬರುತ್ತದೆ, ಮಾಮೂಲು, ಅದನ್ನೂ ಕಟ್ಟಿದ ಮೇಲೆಯೇ ಕ್ಲೋಸ್ ಆಗೋದು ಅಂತ ವಿವರಿಸಿದೆ. ಆಕೆ ಫೋನಿಗೆ "ಕಟ್ಟಿಬಿಡ್ರಿ, ಏನಾಗಲ್ಲ" ಅಂದರು. ಆಮೇಲೆ ಫೋನ್ ಇಟ್ಟು ರಸೀದಿ ಮಡಿಸುತ್ತಾ, "212 ರೂಪಾಯಿಗೆ ಫೋನ್ ಮಾಡಿದ್ರು ನೋಡಿ ಮೇಡಂ" ಅಂದರು.