ಯುದ್ಧನೌಕೆಯ ರೀಫಿಟ್ ಹೇಳಿದ ದಿನಕ್ಕೆ ಏಕೆ ಮುಗಿಯುವುದಿಲ್ಲ?

ಪ್ರಶ್ನೆ: ನಮ್ಮ ನೌಕಾಪಡೆಯ ಹಡಗುಗಳು ರೀಫಿಟ್‌ಗೆಂದು ಡಾಕ್‌ಯಾರ್ಡ್ ಸೇರಿದರೆ ನಿಗದಿತ ದಿನಕ್ಕೆ ಹೊರಬರುವುದಿಲ್ಲ ಎನ್ನುತ್ತಾರೆ. ತಪ್ಪು ಎಲ್ಲಿದೆ, ಸರಿಪಡಿಸುವ ಬಗೆ ಏನು?

ಉತ್ತರ: ತಪ್ಪಿನ ಬಹುಪಾಲು ಹಡಗು ಡಾಕ್ (ಹಡಗನ್ನು ನೀರಿಲ್ಲದೆ ನಿಲ್ಲಿಸಿ ದುರಸ್ತಿ ಮಾಡುವ ಕಟ್ಟೆ) ಸೇರುವ ಮುಂಚೆಯೇ ಆಗಿರುತ್ತದೆ. ರೀಫಿಟ್ ಎಂದರೆ ಕೆಟ್ಟದ್ದರ ದುರಸ್ತಿ ಮಾತ್ರವಲ್ಲ. ತಳದ ತಗಡು, ಪ್ರೊಪೆಲರ್ ಶಾಫ್ಟ್, ಎಂಜಿನ್, ಕೊಳವೆ, ಕೇಬಲ್, ಶಸ್ತ್ರಾಸ್ತ್ರಗಳನ್ನು ಬಿಚ್ಚಿ ಪರೀಕ್ಷಿಸಿ, ಸವೆದದ್ದನ್ನು ಬದಲಿಸಿ, ಹೊಸ ಉಪಕರಣಗಳನ್ನು ಕೂಡಿಸಿ, ಕೊನೆಗೆ ಸಮುದ್ರದಲ್ಲಿ ಓಡಿಸಿ ನೋಡುವವರೆಗಿನ ಸರಣಿ ಅದು. ಹಳೆಯ ಮನೆಯ ಗಾರೆ ಕೆತ್ತಿದ ಮೇಲಷ್ಟೇ ಗೆದ್ದಲು ಕಾಣುವಂತೆ, ತಗಡಿನ ತುಕ್ಕು ಎಷ್ಟು ಒಳಹೊಕ್ಕಿದೆ ಎಂಬುದು ಬಿಚ್ಚಿದ ಮೇಲೆಯೇ ಪೂರ್ತಿ ತಿಳಿಯುತ್ತದೆ. ಆಗ ಕೆಲಸದ ಪಟ್ಟಿ ಬೆಳೆಯುತ್ತದೆ. ಬೇಕಾದ ಬಿಡಿಭಾಗ ವಿದೇಶದಿಂದ ಬರಬೇಕಿದ್ದರೆ ಡಾಕ್ ಸುಮ್ಮನೆ ಕಾಯುತ್ತದೆ, ಅದರ ಹಿಂದೆ ಸರದಿಯಲ್ಲಿರುವ ಹಡಗೂ ಕಾಯುತ್ತದೆ.

ಸಿಂಧುಕೀರ್ತಿ ಜಲಾಂತರ್ಗಾಮಿ 2006ರಲ್ಲಿ ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್ ಸೇರಿ, ಹೊರಬಂದದ್ದು 2015ರಲ್ಲಿ. ರಷ್ಯಾ ನಿರ್ಮಿತ ಆ ವರ್ಗದ, ಅಂದರೆ ಅದೇ ವಿನ್ಯಾಸದ ಜಲಾಂತರ್ಗಾಮಿಗಳ, ದೊಡ್ಡ ರೀಫಿಟ್ ಯಾರ್ಡಿಗೆ ಹೊಸತಾಗಿತ್ತು. ಅದೇ ಯಾರ್ಡ್ ಅದೇ ವರ್ಗದ ಸಿಂಧುವೀರ್ ರೀಫಿಟ್ಟನ್ನು ಬಹಳ ಕಡಿಮೆ ಅವಧಿಯಲ್ಲಿ ಮುಗಿಸಿ ಒಪ್ಪಿಸಿತು. ಒಮ್ಮೆ ಗಳಿಸಿದ ಅನುಭವವನ್ನು ದಾಖಲಿಸಿ, ಒಂದು ವರ್ಗದ ಹಡಗುಗಳನ್ನು ಒಂದೇ ಯಾರ್ಡಿಗೆ ಸತತವಾಗಿ ಕಳುಹಿಸುವುದರ ಬೆಲೆ ಇದರಿಂದ ತಿಳಿಯುತ್ತದೆ.

ಹಾಗಾಗಿ, ನನ್ನ ದೃಷ್ಟಿಯಲ್ಲಿ, ಹೆಚ್ಚು ಫಲ ಕೊಡುವ ಸುಧಾರಣೆ ಪೂರ್ವತಪಾಸಣೆ. ಹಡಗು ಸೇವೆಯಲ್ಲಿರುವಾಗಲೇ ತಗಡಿನ ದಪ್ಪವನ್ನು ಅಲ್ಟ್ರಾಸಾನಿಕ್ ಉಪಕರಣದಿಂದ ಅಳೆದು, ಯಂತ್ರಗಳ ಕಂಪನವನ್ನು ದಾಖಲಿಸಿಟ್ಟರೆ, ದೋಷಪಟ್ಟಿಯನ್ನು ಬೇಗ ಅಂತಿಮಗೊಳಿಸಿ ತಡವಾಗಿ ಬರುವ ಬಿಡಿಭಾಗಗಳಿಗೆ ಮೊದಲೇ ಆರ್ಡರ್ ಕೊಡಬಹುದು. ಆಮೇಲೆ ಬರುವ 'ಇದನ್ನೂ ಸೇರಿಸಿ' ಎಂಬ ಬೇಡಿಕೆಗಳಿಗೆ ಕಡಿವಾಣ ಬೇಕು. ಇದು ಹೇಳಿದಷ್ಟು ಸುಲಭವಲ್ಲ, ಏಕೆಂದರೆ ಕೇಳುವವರು ಆ ಹಡಗಿನಲ್ಲಿ ಸಮುದ್ರಕ್ಕೆ ಹೋಗುವವರೇ. ಕಾರ್ಯಾಚರಣೆಯ ಕಾರಣಕ್ಕೆ ರೀಫಿಟ್ ಮುಂದೂಡುವ ಅಧಿಕಾರಿಗೆ, ಅದರಿಂದ ಇಡೀ ಸರದಿ ಎಷ್ಟು ಜಾರುತ್ತದೆ ಎಂಬ ಲೆಕ್ಕವೂ ಮೇಜಿನ ಮೇಲಿರಬೇಕು.

ಡಾಕ್‌ಗಳ ಕೊರತೆಯೂ ನಿಜವೇ. ಕಾರವಾರದ ನೌಕಾನೆಲೆಯಲ್ಲಿರುವ ಶಿಪ್‌ಲಿಫ್ಟ್ ಹಡಗನ್ನು ನೀರಿನಿಂದ ಎತ್ತಿ ಒಣ ಬರ್ತ್‌ಗೆ (ನೆಲದ ಮೇಲೆ ಹಡಗು ನಿಲ್ಲಿಸುವ ಜಾಗಕ್ಕೆ) ಸಾಗಿಸುವುದರಿಂದ, ಒಂದರ ವಿಳಂಬ ಮತ್ತೊಂದರ ದಾರಿಯನ್ನು ಅಷ್ಟಾಗಿ ಕಟ್ಟಿಹಾಕುವುದಿಲ್ಲ. ಆದರೆ ಬಿಡಿಭಾಗವೇ ಬರದಿದ್ದರೆ ಆ ಬರ್ತ್‌ಗಳೂ ತುಂಬಿ ನಿಲ್ಲುತ್ತವೆ.