ಕೆಂಪು ಮಾತ್ರೆ ಬಿಡುವ ಮುನ್ನ

ಕಬ್ಬಿಣದ ಕೆಂಪು ಮಾತ್ರೆ ಕೊಟ್ಟು ತಿಂಗಳಾದರೂ ಗರ್ಭಿಣಿಯ ಹಿಮೋಗ್ಲೋಬಿನ್ ಏರದಿದ್ದರೆ ನಾನು ಮೊದಲು ವಿಚಾರಿಸುವುದು ಮಲವಿಸರ್ಜನೆಯ ಬಗ್ಗೆ. ಜೊತೆಗೆ ಬಂದ ಅತ್ತೆಯನ್ನು ಹೊರಗೆ ಕೂರಿಸಿದ ಮೇಲಷ್ಟೇ ಉತ್ತರ ಬರುತ್ತದೆ: "ಮೂರು ದಿನಕ್ಕೊಮ್ಮೆ ಆಗುತ್ತದೆ ಮೇಡಂ. ಆ ಕೆಂಪು ಮಾತ್ರೆ ನುಂಗಿದರೆ ಇನ್ನೂ ಗಟ್ಟಿ. ಅದಕ್ಕೇ ಬಿಟ್ಟೆ."

ಅವಳ ದೂರು ಸುಳ್ಳಲ್ಲ. ಬಸಿರಿನಲ್ಲಿ ಹೆಚ್ಚುವ ಪ್ರೊಜೆಸ್ಟರಾನ್ ಹಾರ್ಮೋನು ಕರುಳಿನ ಸ್ನಾಯುಗಳನ್ನು ಸಡಿಲಗೊಳಿಸುತ್ತದೆ. ಮಲ ನಿಧಾನವಾಗಿ ಸಾಗುವಾಗ ದೊಡ್ಡಕರುಳು ಅದರ ನೀರನ್ನು ಹೆಚ್ಚು ಹೀರಿಕೊಳ್ಳುತ್ತದೆ. ಇದರ ಮೇಲೆ ಮಾತ್ರೆಯಲ್ಲಿರುವ 60 ಮಿಲಿಗ್ರಾಂ ಕಬ್ಬಿಣ. ಮಲ ಕಪ್ಪಾಗುವುದೂ ಅದರಿಂದಲೇ, ಹೆದರಬೇಕಿಲ್ಲ. ಆದರೆ ರಕ್ತಹೀನತೆ ಇಟ್ಟುಕೊಂಡು ಹೆರಿಗೆಗೆ ಬಂದವಳಿಗೆ ಸಾಧಾರಣ ರಕ್ತಸ್ರಾವವೂ ಅಪಾಯವಾಗಬಹುದು. ಮಾತ್ರೆ ಒಗ್ಗದಿದ್ದರೆ ಹೇಳಿ. ಬೇರೆ ಬಗೆಯ ಕಬ್ಬಿಣವಿದೆ, ಅಗತ್ಯಬಿದ್ದರೆ ಚುಚ್ಚುಮದ್ದೂ ಇದೆ.

ಮಲಬದ್ಧತೆಗೆ ಮನೆಯವರ ಔಷಧಿ ಸಾಮಾನ್ಯವಾಗಿ ಹಾಲು ಮತ್ತು ತುಪ್ಪ. ಎರಡರಲ್ಲೂ ನಾರಿಲ್ಲ. ಬಸ್ಸಾರು ಮಾಡಿದ ದಿನ ಬಸಿದ ಸೊಪ್ಪು, ಕಾಳಿನ ಪಲ್ಯವನ್ನು ಸೊಸೆಯ ತಟ್ಟೆಗೂ ಧಾರಾಳವಾಗಿ ಬಡಿಸಿ. ಸೀಬೆಹಣ್ಣು, ನೆನೆಸಿದ ಒಣದ್ರಾಕ್ಷಿ, ರಾಗಿ ಒಳ್ಳೆಯವು. ನೀರಿನ ವಿಷಯ ಮಾತ್ರ ಇಷ್ಟು ಸುಲಭವಲ್ಲ. ಗಾರ್ಮೆಂಟ್ಸ್‌ಗೆ ಹೋಗುವವರು, ಬಸ್ಸಿನಲ್ಲಿ ದೂರ ಓಡಾಡುವವರು ಶೌಚಾಲಯದ ಗಲೀಜಿಗೆ ಹೆದರಿ ನೀರನ್ನೇ ಕುಡಿಯುವುದಿಲ್ಲ. ಇದು ಅವರ ಸೋಮಾರಿತನವಲ್ಲ. ಅಂಥವರಿಗೆ ಮನೆಯಲ್ಲಿರುವಾಗ, ಬೆಳಿಗ್ಗೆ ಮತ್ತು ಸಂಜೆ ಹೆಚ್ಚು ಕುಡಿಯಲು ಹೇಳುತ್ತೇನೆ. ಪೂರ್ತಿ ಪರಿಹಾರವಲ್ಲ, ಗೊತ್ತು.

ಕಮೋಡ್ ಬಳಸುವವರು ಕಾಲ ಕೆಳಗೆ ಗಿಡ್ಡ ಮಣೆ ಇಟ್ಟುಕೊಂಡರೆ ತಿಣುಕುವುದು ಕಡಿಮೆಯಾಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಇಸಬಗೋಲು ತೆಗೆದುಕೊಳ್ಳಬಹುದು, ಆದರೆ ಒಂದು ದೊಡ್ಡ ಲೋಟ ನೀರಿನೊಂದಿಗೆ. ನೀರು ಕಡಿಮೆಯಾದರೆ ಕಟ್ಟಿದ ಹೊಟ್ಟೆ ಇನ್ನಷ್ಟು ಕಟ್ಟುತ್ತದೆ. ಕೆಂಪು ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ. ವೈದ್ಯರು ಬರೆದುಕೊಡುವ ಲ್ಯಾಕ್ಟುಲೋಸ್ ಸಿರಪ್ ಬಸಿರಿನಲ್ಲೂ ಸುರಕ್ಷಿತ. ಹರಳೆಣ್ಣೆ ಮಾತ್ರ ಬೇಡವೇ ಬೇಡ, ಅಜ್ಜಿ ಎಷ್ಟೇ ಒತ್ತಾಯಿಸಲಿ. ಅದು ಗರ್ಭಕೋಶವನ್ನೂ ಕೆರಳಿಸಿ ನೋವು ತರಿಸಬಹುದು. ಸೋನಾಮುಖಿಯ ಪುಡಿಯನ್ನೂ ಅಂಗಡಿಯಿಂದ ತಂದು ನುಂಗಬೇಡಿ.

ಬಟ್ಟೆಯಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ಮನೆಯಲ್ಲೇ ತೀರ್ಮಾನಿಸಬೇಡಿ, ಅದು ಯೋನಿಯಿಂದ ಬಂದದ್ದೂ ಆಗಿರಬಹುದು. ಹೊಟ್ಟೆ ಬಿಟ್ಟುಬಿಟ್ಟು ಬಿಗಿದುಕೊಳ್ಳುತ್ತಿದ್ದರೆ, ವಾಂತಿಯೊಂದಿಗೆ ತೀವ್ರ ನೋವಿದ್ದರೆ ಅದೇ ದಿನ ಆಸ್ಪತ್ರೆಗೆ ಬನ್ನಿ.