ಲಗೋರಿ ಉರುಳಿಸುವ ಮೊದಲು ಅಳತೆ ನೋಡಿ

3ಡಿ ಅನಿಮೇಷನ್ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ಡಿಕ್ಕಿಯ ಸಿಮ್ಯುಲೇಷನ್ (ವಸ್ತುಗಳು ಬಡಿದು ಬೀಳುವುದನ್ನು ಕಂಪ್ಯೂಟರೇ ಲೆಕ್ಕ ಹಾಕಿ ತೋರಿಸುವುದು) ಕಲಿಯಲು ಬರುವವರಿಗೆ ನಾನು ಮೊದಲು ಕೊಡುವ ಕೆಲಸ ಲಗೋರಿ. ಏಳು ಚಪ್ಪಟೆ ಕಲ್ಲು, ಒಂದು ಟೆನಿಸ್ ಚೆಂಡು. ಗೋಪುರ ಉರುಳಿಸುವ ಆಸೆ ಹೊತ್ತು ಬಂದವರಿಗೆ ಇದು ಸಪ್ಪೆ ಅನ್ನಿಸುತ್ತದೆ. ಗೋಪುರ ಬಿದ್ದಾಗ ಧೂಳೆಬ್ಬಿಸಿ ಹುಳುಕು ಮುಚ್ಚಬಹುದು. ಏಳು ಕಲ್ಲಿನಲ್ಲಿ ಎಲ್ಲವೂ ಬಯಲು.

ಬಹುತೇಕರು ನೇರ ಕೈಹಾಕುವುದು ಬೌನ್ಸ್ (ಪುಟಿತ), ಫ್ರಿಕ್ಷನ್ (ಘರ್ಷಣೆ) ಅಂಕಿಗಳಿಗೆ. ಅದು ಆಮೇಲಿನ ಮಾತು. ಒಂದು ಮೀಟರ್ ಎತ್ತರದಿಂದ ಬಿಟ್ಟ ವಸ್ತು ನೆಲ ಮುಟ್ಟಲು ಸುಮಾರು 0.45 ಸೆಕೆಂಡು ಬೇಕು. ಸೆಕೆಂಡಿಗೆ 24 ಫ್ರೇಮ್ ಅಂದರೆ 11 ಫ್ರೇಮ್. ಇಡೀ ದೃಶ್ಯವನ್ನು ಗಮನಿಸದೆ ಹತ್ತು ಪಟ್ಟು ದೊಡ್ಡದಾಗಿ ಕಟ್ಟಿದ್ದರೆ ಅದೇ ಬೀಳುವಿಕೆಗೆ 34 ಫ್ರೇಮ್ ಹಿಡಿಯುತ್ತದೆ. ಕ್ಯಾಮೆರಾದಲ್ಲಿ ಗಾತ್ರದ ವ್ಯತ್ಯಾಸ ಕಾಣದು, ಕಲ್ಲು ಮಾತ್ರ ಬಂಡೆಯಂತೆ ನಿಧಾನವಾಗಿ ಉರುಳುತ್ತದೆ. ನೋಡುವವರಿಗೆ ಲೆಕ್ಕ ಗೊತ್ತಿರದಿದ್ದರೂ ಕಣ್ಣು ಒಪ್ಪುವುದಿಲ್ಲ.

ಆಮೇಲೆ ತೂಕ. ಬ್ಲೆಂಡರ್ ಎಲ್ಲ ವಸ್ತುವಿಗೂ ತಾನಾಗಿ ಒಂದು ಕಿಲೋ ಕೊಡುತ್ತದೆ. ಟೆನಿಸ್ ಚೆಂಡಿನ ತೂಕ 58 ಗ್ರಾಂ ಆಸುಪಾಸು, ಹನ್ನೆರಡು ಸೆಂ.ಮೀ. ಅಗಲ, ಎರಡು ಸೆಂ.ಮೀ. ದಪ್ಪದ ಕಲ್ಲು ಅರ್ಧ ಕಿಲೋ ದಾಟುತ್ತದೆ. ಇವನ್ನು ಸರಿಪಡಿಸದಿದ್ದರೆ ಕಲ್ಲುಗಳು ಥರ್ಮೋಕೋಲಿನಂತೆ ಹಾರುತ್ತವೆ, ಯಾವ ಫ್ರಿಕ್ಷನ್ನೂ ಅದನ್ನು ಉಳಿಸದು.

ಬೌನ್ಸ್‌ಗೂ ಆಧಾರವಿದೆ. ಟೆನಿಸ್ ನಿಯಮದಂತೆ 254 ಸೆಂ.ಮೀ. ಎತ್ತರದಿಂದ ಬಿಟ್ಟ ಸಾಮಾನ್ಯ ಚೆಂಡು 135ರಿಂದ 147 ಸೆಂ.ಮೀ. ಪುಟಿಯಬೇಕು. ಪುಟಿದ ಎತ್ತರವನ್ನು ಬಿಟ್ಟ ಎತ್ತರದಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.75. ಅದನ್ನು ಚೆಂಡಿಗೆ ಕೊಟ್ಟರೂ ಪುಟಿಯುತ್ತಿಲ್ಲವೇ? ನೆಲದ ಬೌನ್ಸ್ ಸೊನ್ನೆಯಲ್ಲೇ ಇರುತ್ತದೆ. ಡಿಕ್ಕಿಯ ಲೆಕ್ಕಕ್ಕೆ ಬ್ಲೆಂಡರ್ ಬಳಸುವ ಬುಲೆಟ್ ಎಂಜಿನ್ ಎರಡೂ ವಸ್ತುಗಳ ಅಂಕಿಯನ್ನು ಗುಣಿಸುತ್ತದೆ. ನೆಲಕ್ಕೆ 1 ಕೊಡಿ.

ಸೆಕೆಂಡಿಗೆ 15 ಮೀಟರ್ ವೇಗದ ಚೆಂಡು ಒಂದು ಫ್ರೇಮಿನಲ್ಲಿ 62.5 ಸೆಂ.ಮೀ. ಸಾಗುತ್ತದೆ. ಫ್ರೇಮಿಗೊಮ್ಮೆ ಮಾತ್ರ ಲೆಕ್ಕ ಹಾಕಿದರೆ ಈ ಫ್ರೇಮಿನಲ್ಲಿ ಕಲ್ಲಿನ ಆಚೆ, ಹಿಂದಿನದರಲ್ಲಿ ಈಚೆ; ಡಿಕ್ಕಿಯೇ ಇಲ್ಲ. ಈಗಿನ ಬ್ಲೆಂಡರ್‌ನಲ್ಲಿ ಫ್ರೇಮಿಗೆ ಹತ್ತು ಸಬ್‌ಸ್ಟೆಪ್, ಅಂದರೆ ಹತ್ತು ಸಲ ಲೆಕ್ಕ, ತಾನಾಗಿ ಇರುವುದರಿಂದ ಚೆಂಡು ಸಿಕ್ಕಿಬೀಳುತ್ತದೆ. ಆದರೂ ತೆಳು ಕಲ್ಲು ನಡುಗುತ್ತಿದ್ದರೆ ಸಬ್‌ಸ್ಟೆಪ್ ಮೂವತ್ತಕ್ಕೆ ಏರಿಸಿ. ಕಂಪ್ಯೂಟರ್ ಗೊಣಗಲಿ ಬಿಡಿ.

ಡಿಕ್ಕಿಯ ಲೆಕ್ಕಕ್ಕೆ ಹಿಡಿಯುವ ಕೊಲಿಷನ್ ಆಕಾರಕ್ಕೆ ಕಾನ್ವೆಕ್ಸ್ ಹಲ್ (ವಸ್ತುವಿನ ಸುತ್ತ ಬಿಗಿಯಾಗಿ ಹೊದಿಸಿದಂಥ ಆಕಾರ) ಸಾಕು. ಬಾಣಲೆಗೋ ಕೊಡಕ್ಕೋ ಮಾತ್ರ ಬೇಡ, ಅದು ಬಾಯಿ ಮುಚ್ಚಿಬಿಡುತ್ತದೆ.

ಚೆಂಡು ತಗಲುವ ಮೊದಲೇ ಕಲ್ಲುಗಳು ಚಿಮ್ಮಿದರೆ ಒಂದರೊಳಗೊಂದು ಹೂತುಕೊಂಡಿವೆ ಎಂದರ್ಥ. ಕೂದಲೆಳೆಯಷ್ಟು ಬಿಡಿಸಿಟ್ಟು, ಏಟು ಬೀಳುವವರೆಗೆ ಅಲುಗದಂತೆ ಏಳಕ್ಕೂ ಸ್ಟಾರ್ಟ್ ಡೀಆಕ್ಟಿವೇಟೆಡ್ ಆನ್ ಮಾಡಿ. ಇಷ್ಟೆಲ್ಲ ಸರಿಯಾದ ಮೇಲೆ ನಿರ್ದೇಶಕರು ಬಂದು ಮೇಲಿನ ಕಲ್ಲು ಎಡಕ್ಕೇ ಬೀಳಬೇಕು ಅನ್ನುತ್ತಾರೆ. ಕಲ್ಲನ್ನು ಕೈಯಿಂದ ತಳ್ಳಬೇಡಿ. ಚೆಂಡಿನ ಕೋನವನ್ನು ಒಂದೆರಡು ಡಿಗ್ರಿ ತಿರುಗಿಸಿ ಮತ್ತೆ ಬೇಕ್ ಮಾಡಿ, ಅಂದರೆ ಇಡೀ ಲೆಕ್ಕ ಹೊಸದಾಗಿ ಹಾಕಿಸಿ ಉಳಿಸಿ.